ಮಲಗಿದ ನೀರುಳ್ಳಿಗೆ ನೀರು

ಎಲೆ ನೋಡಿ ಗಿಡದ ಕಾಯಿಲೆ ಹೇಳುವುದರಲ್ಲಿ ನಮ್ಮಪ್ಪನನ್ನು ಮೀರಿಸಿದವರು ಭಟ್ಕಳದಲ್ಲಿ ಇರಲಿಲ್ಲ. ಮಗಳೆಂದು ಈ ಮಾತು ಹೇಳುತ್ತಿಲ್ಲ. ಆಯಿತು, ಮಗಳೆಂದೇ ಹೇಳುತ್ತಿದ್ದೇನೆ, ಏನೀಗ? ನಮ್ಮದು ಮಲ್ಲಿಗೆ ಬೆಳೆಯುವ ಮನೆ. ಸುತ್ತಲಿನವರು ತಮ್ಮ ಗಿಡದ ಎಲೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಕಡೆಗೆ ತುದಿ ಕಚ್ಚಿ ನೋಡಿ ಹೇಳುತ್ತಿದ್ದ: ಇದಕ್ಕೆ ಹುಳ, ಇದಕ್ಕೆ ಗೊಬ್ಬರ ಸಾಲದು, ಇದಕ್ಕೆ ಬಾಯಾರಿಕೆ. ಬಾಯಾರಿದ ಎಲೆಗೆ ಅವನ ಮಾತಿನಲ್ಲಿ ‘ಮಲಗಿದ ಎಲೆ’ ಎಂದು ಹೆಸರು.

ಅರವತ್ತರ ದಶಕದ ಆರಂಭದಲ್ಲಿ ನನ್ನ ಮದುವೆಯಾಯಿತು. ಆಗ ಹೊನ್ನಾವರದಲ್ಲಿ ಶರಾವತಿಯನ್ನು ತಾರಿಯ ದೋಣಿಯಲ್ಲೇ ದಾಟಬೇಕು. ದಾಟಿ ಕುಮಟಾದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಅಲ್ಲಿ ಭತ್ತ ಕೊಯ್ದ ಗದ್ದೆಗೆ ಸಿಹಿ ನೀರುಳ್ಳಿ ಹಾಕುತ್ತಿದ್ದರು. ಬಲಿತ ಮೇಲೆ ಎಲೆ ಸಮೇತ ಕಿತ್ತು, ಒಣಗಿಸಿ, ಆ ಎಲೆಗಳನ್ನೇ ಜಡೆಯಂತೆ ಹೆಣೆದು ಗೊಂಚಲು ಮಾಡುವುದು. ಎಲೆ ಕೊಳೆತರೆ ಜಡೆ ನಿಲ್ಲದು, ಜಡೆಯಿಲ್ಲದೆ ಗೊಂಚಲಿಲ್ಲ.

ನನಗೋ ಹೊಸ ಮನೆಯಲ್ಲಿ ಜಂಬ ಕೊಚ್ಚಿಕೊಳ್ಳಲು ಇದ್ದದ್ದು ಅಪ್ಪನೊಬ್ಬನೇ. ಬದನೆ ಎಲೆ ಮುದುಡಿದರೆ “ನಮ್ಮಪ್ಪ ಇದ್ದಿದ್ರೆ”, ತೊಂಡೆ ಚಪ್ಪರ ಹಳದಿಯಾದರೆ “ನಮ್ಮಪ್ಪ ಇದ್ದಿದ್ರೆ”. ಕೇಳಿ ಕೇಳಿ ಅತ್ತೆಗೆ ಸಾಕಾಗಿತ್ತು.

“ಆತು ಮಾರಾಯ್ತಿ, ಒಂದಿನ ಕರ್ಕಂಡು ಬಾ ನಿನ್ನ ಎಲೆ ಡಾಕ್ಟ್ರನ್ನ,” ಎಂದು ನಗುತ್ತಿದ್ದರು.

ನೀರುಳ್ಳಿ ಕೀಳಲು ಇನ್ನು ಹತ್ತು ದಿನವಿದೆ ಎನ್ನುವಾಗ ಅತ್ತೆ ಮತ್ತು ನನ್ನ ಗಂಡ ನೆಂಟರ ಮನೆಯ ಮದುವೆಗೆಂದು ಹೊನ್ನಾವರಕ್ಕೆ ಹೊರಟರು. ದನ, ಗದ್ದೆ ಎರಡೂ ನನ್ನ ಪಾಲಿಗೆ. ಮೆಟ್ಟಿಲಿಳಿಯುತ್ತ ಅತ್ತೆ ಹೇಳಿದರು: “ನೀರುಳ್ಳಿ ಮಲಗೂಕೆ ಬಂದದೆ. ಎಬ್ಬಸೂಕೆ ಹೋಗ್ಬೇಡ.”

ಅತ್ತೆಯ ಮಾತೇ ಹಾಗೆ, ಬೆಕ್ಕಿಗೂ ಒಲೆಗೂ ಮನುಷ್ಯರಿಗೆ ಹೇಳುವ ಮಾತನ್ನೇ ಹೇಳುವವರು. ನಕ್ಕು ತಲೆಯಾಡಿಸಿ ಅಷ್ಟಕ್ಕೇ ಮರೆತೆ.

ಮೂರನೆಯ ದಿನ ಬೆಳಿಗ್ಗೆ ಗದ್ದೆಗೆ ಹೋದವಳು ಅಂಚಿನಲ್ಲೇ ನಿಂತುಬಿಟ್ಟೆ. ಅಂಚಿನ ನಾಲ್ಕು ಸಾಲಿನಲ್ಲಿ ಎಲೆಗಳೆಲ್ಲ ಕುತ್ತಿಗೆಯಿಂದಲೇ ಬಾಗಿ ನೆಲಕ್ಕೆ ಬಿದ್ದಿದ್ದವು, ತುದಿಗಳು ಹಳದಿ. ಅಯ್ಯೋ ದೇವರೇ, ಮೂರು ತಿಂಗಳು ಸಾಕಿದ್ದನ್ನು ಮೂರು ದಿನದಲ್ಲಿ ಕೊಂದೆನಲ್ಲ! ಅಳುತ್ತ ಮನೆಗೆ ಬಂದರೆ ಜಗಲಿಯ ಮೇಲೆ ಅಪ್ಪ ಕೂತಿದ್ದಾನೆ. ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ದಂಡೆ ಪಕ್ಕದಲ್ಲಿದೆ. ನನಗೆ ಸಾಕ್ಷಾತ್ ದೇವರೇ ಬಂದು ಕೂತಷ್ಟು ಸಂತೋಷವಾಯಿತು.

ಅಪ್ಪ ಗದ್ದೆಗೆ ಬಂದು ಒಂದು ಎಲೆ ಕಿತ್ತ. ಬೆಳಕಿಗೆ ಹಿಡಿದ, ಮೂಸಿದ, ಕಚ್ಚಿದ, ಖಾರಕ್ಕೆ ಕಣ್ಣು ಒರೆಸಿಕೊಂಡ.

“ಹುಳ ಇಲ್ಲ, ಚುಕ್ಕೆ ಇಲ್ಲ. ಮಲಗಿದೆ ತಂಗೀ, ಬಾಯಾರಿಕೆ,” ಎಂದ. ಮಗಳಾದರೂ ನನ್ನನ್ನು ಅವನು ಕರೆಯುತ್ತಿದ್ದುದು ತಂಗೀ ಎಂದೇ. “ಅದ್ರ ಹೆಸ್ರಲ್ಲೇ ನೀರದೆ! ನೀರುಳ್ಳಿಗೆ ನೀರಿಲ್ದಿದ್ರೆ ಎಂತಾಗೂದು?”

ಎಂಥ ಬುದ್ಧಿ ನಮ್ಮಪ್ಪನದು ಎಂದು ನಾನು ಬೀಗಿದೆ. ಅಪ್ಪ ಮಗಳು ಸೇರಿ ಹೊಂಡದಿಂದ ಕೊಡಕೊಡ ನೀರು ಹೊತ್ತು ಆ ನಾಲ್ಕು ಸಾಲನ್ನು ತೋಯಿಸಿಬಿಟ್ಟೆವು. ನೀರು ಬೀಳುವ ಕಡೆ ಒಂದು ತೆಂಗಿನ ಸಿಪ್ಪೆ ಬೋರಲು ಇಟ್ಟು, ಅದರ ಮೇಲೆ ಹೊಯ್ಯುವುದು ಅಪ್ಪನ ರೂಢಿ, ಮಣ್ಣು ಕೊಚ್ಚಿ ಬೇರು ಕಾಣಬಾರದೆಂದು. ಸಾಲಿಗೊಂದು ಸಿಪ್ಪೆ ಇಟ್ಟ. ಮಧ್ಯಾಹ್ನ ಉಂಡು, ಮಲ್ಲಿಗೆ ಗಿಡ ಕಾಯುತ್ತವೆಂದು ಊರಿಗೆ ಹೊರಟುಹೋದ.

ಸಂಜೆ ಅತ್ತೆ ಬಂದವರು ಕಾಲು ತೊಳೆಯುವ ಮೊದಲೇ ಗದ್ದೆಗೆ ಹೋದರು. ಒಂದು ನೀರುಳ್ಳಿಯ ಕುತ್ತಿಗೆ ಒತ್ತಿ ನೋಡಿದರು.

“ಎಂತಾ ಮಾಡ್ದೆ ಮಾರಾಯ್ತಿ! ಗಡ್ಡೆ ಬಲ್ತ ಮೇಲೆ ಎಲೆ ಮಲಗೂದೇ. ಆಗ ನೀರು ಬಿದ್ರೆ ಕುತ್ಗೆ ಕೊಳೀತದೆ. ಎಬ್ಬಸ್ಬೇಡ ಅಂದಿದ್ನಲ್ಲೇ!”

ಆಗ ನನಗೆ ಎಲ್ಲ ಅರ್ಥವಾಯಿತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಬೈಗುಳಕ್ಕೆ ಹೆದರಿದ್ದಲ್ಲ. ವರ್ಷವಿಡೀ ಹೊಗಳಿದ ಅಪ್ಪನ ಮಾನ ಈ ಗದ್ದೆಯ ಅಂಚಿನಲ್ಲೇ ಹರಾಜಾಗುತ್ತದಲ್ಲ!

“ಬೀಗ್ರು ಬಂದಿದ್ರಾ?” ಅತ್ತೆ ನನ್ನ ಮುಡಿಯ ಮಲ್ಲಿಗೆ ನೋಡಿದರು.

“ಬಂದಿದ್ರು, ಉಂಡ್ಕಂಡು ಹೋದ್ರು. ನೀರು ಹಾಕಿದ್ದು ನಾನೇ. ಒಬ್ಳೇ.”

ಅತ್ತೆ ಬಗ್ಗಿ ಒಂದು ಸಿಪ್ಪೆ ಎತ್ತಿದರು, ಒಮ್ಮೆ ತಿರುಗಿಸಿ ನೋಡಿದರು, ನಾಲ್ಕನ್ನೂ ಒಟ್ಟುಮಾಡಿ ಒಳಗೆ ಒಯ್ದರು. ಮರುದಿನ ಬೆಳಿಗ್ಗೆಯೇ ಆ ನಾಲ್ಕು ಸಾಲನ್ನು ಕಿತ್ತು ಹರಡಿದೆವು. ಗಡ್ಡೆ ಹೆಚ್ಚಿನವು ಉಳಿದವು, ಎಲೆ ಮಾತ್ರ ಎರಡು ದಿನದಲ್ಲಿ ಲೋಳೆಯಾಗಿ ಕೈಗೆ ಬಂತು.

ಮುಂದಿನದೇ ನನ್ನ ಹೊಟ್ಟೆ ಉರಿಸಿದ್ದು. ನೆರೆಮನೆ, ಬಾವಿಕಟ್ಟೆ, ಅಂಗಡಿ, ಹೋದಲ್ಲೆಲ್ಲ ಅತ್ತೆ ಅದೇ ಕತೆ ಹೇಳಿಕೊಂಡು ನಕ್ಕರು: “ನಮ್ಮನೆ ಸೊಸೆ ಮಲಗಿದ್ ನೀರುಳ್ಳಿ ಎಬ್ಬಸೂಕೆ ಹೋಗಿತ್ತು!” ಹೆಂಗಸರು ನನ್ನನ್ನು ಕಂಡರೆ ಸಾಕು, “ಎದ್ವೇನೇ ನೀರುಳ್ಳಿ?” ಎನ್ನತೊಡಗಿದರು. ನಾಲ್ಕು ದಿನ ಸಹಿಸಿದೆ. ಐದನೆಯ ದಿನ ಒಲೆಯ ಮುಂದೆ ಸೌಟು ಕುಕ್ಕಿ ಕೇಳಿಯೇಬಿಟ್ಟೆ: “ನನ್ನ ಮರ್ಯಾದೆ ತೆಗೆದು ನಿಮ್ಗೆ ಎಂತ ಸಿಕ್ತು ಅತ್ತೇ?”

ಅತ್ತೆ ಅಕ್ಕಿ ಆರಿಸುತ್ತಲೇ ಹೇಳಿದರು: “ನೀ ಹೊಸ ಸೊಸೆ. ತಪ್ಪು ಮಾಡ್ರೆ ಜನ ನಾಕು ದಿನ ನಗಾಡಿ ಮರೀತ್ರು. ಎಲೆ ನೋಡೋರು ತಪ್ಪು ಮಾಡಿದ್ದು ಗೊತ್ತಾದ್ರೆ ಮತ್ತೆ ಯಾರೂ ಅವ್ರ ಹತ್ರ ಎಲೆ ತರೂದಿಲ್ಲ.”

ಸೌಟು ಸರಿಯಾಗಿ ಇಟ್ಟೆ.

ಹದಿನೈದು ದಿನ ಕಳೆದಿರಬೇಕು. ನಮ್ಮ ಅಂಗಳದಲ್ಲಿ ನೆರೆಯ ಹೆಂಗಸರೆಲ್ಲ ಕೂತು ನೀರುಳ್ಳಿ ಹೆಣೆಯುತ್ತಿದ್ದರು. ಆ ನಾಲ್ಕು ಸಾಲಿನ ಗಡ್ಡೆಗಳನ್ನು ಅತ್ತೆ ಭತ್ತದ ಹುಲ್ಲು ಸೇರಿಸಿ ಹೇಗೋ ಜಡೆ ಹಾಕುತ್ತಿದ್ದರು. ಆಗ ಅಪ್ಪ ಬೇಲಿಯ ದಣಪೆ ದಾಟಿ ಬಂದ. ಕೈಯಲ್ಲಿ ಮಲ್ಲಿಗೆಯಿಲ್ಲ, ಮುಖದಲ್ಲಿ ನಗುವಿಲ್ಲ. ಕುಮಟಾದ ಕಡೆಯವರೊಬ್ಬರು ಭಟ್ಕಳದ ಸಂತೆಯಲ್ಲಿ ಸೊಸೆಯ ಕತೆ ಹೇಳಿ ನಗಾಡಿದ್ದನ್ನು ಅವನು ಕೇಳಿಸಿಕೊಂಡಿದ್ದ.

ನಾನು ಬೇಡ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಅಷ್ಟೂ ಹೆಂಗಸರ ಎದುರಿಗೆ ನಿಂತು, ಹೆಗಲ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ಹೇಳಿದ: “ಬೀಗಿತ್ತಿ, ನೀರು ಹಾಕ್ಸದ್ದು ನಾನು. ಮಲ್ಲಿಗೆ ಎಲೆ ಗೊತ್ತದೆ ನಂಗೆ, ನೀರುಳ್ಳಿ ಎಲೆ ಗೊತ್ತಿಲ್ಲ. ನನ್ನ ಮಗ್ಳಿಗೆ ನಗಾಡ್ಬೇಡಿ, ನಂಗೆ ನಗಾಡಿ.”

ಯಾರೂ ನಗಲಿಲ್ಲ. ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಬೆಲ್ಲ ನೀರು, ಇನ್ನೊಂದು ಕೈಯಲ್ಲಿ ನಾಲ್ಕು ತೆಂಗಿನ ಸಿಪ್ಪೆ.

“ಅವತ್ತೇ ಗೊತ್ತಾಯ್ತು ಬೀಗ್ರೇ,” ಎಂದರು. “ನಿಮ್ಮ ಮಗ್ಳು ಮೂರು ತಿಂಗ್ಳು ನೀರು ಹಾಕ್ತು, ಒಂದಿನಾನೂ ಸಿಪ್ಪೆ ಇಟ್ಟಿದ್ದಿಲ್ಲ.”

ಅಪ್ಪ ಸಿಪ್ಪೆ ನೋಡಿದ, ನನ್ನನ್ನು ನೋಡಿದ. ಮೊದಲು ನಕ್ಕವನು ಅವನೇ. ಹೊರಡುವಾಗ ಹುಲ್ಲಿನ ಜಡೆಯ ಗೊಂಚಲನ್ನೇ ಕೇಳಿ ಹೆಗಲಿಗೆ ಹಾಕಿಕೊಂಡ. ಭಟ್ಕಳದಲ್ಲಿ ಅದು ನಮ್ಮ ಜಗಲಿಯ ಮೇಲೆ, ಜನ ಎಲೆ ತಂದು ಕೂರುವ ಜಾಗದ ಎದುರಿಗೇ ತೂಗಾಡುತ್ತಿತ್ತು. ಇದೆಂತದು ಎಂದು ಕೇಳಿದವರಿಗೆಲ್ಲ ಅಪ್ಪ ತಾನೇ ಆ ಕತೆ ಹೇಳುತ್ತಿದ್ದ. ಎಲೆ ತರುವವರು ತರುತ್ತಲೇ ಇದ್ದರು.