ಲೈನ್‌ಮ್ಯಾನ್ ಮಂಟೇಸ್ವಾಮಿ ಕಂಬ ಇಳಿದ ಮೇಲೆ

ಕೌದಳ್ಳಿಯ ಲೈನ್‌ಮ್ಯಾನ್ ಮಂಟೇಸ್ವಾಮಿ ಮಗಳಿಗೆ ಕಲಿಸಿದ ಇಂಗ್ಲಿಷ್ ಪದ ಒಂದೇ ಒಂದು. ಅದೂ ತನಗೆ ಗೊತ್ತಿಲ್ಲದೆ.

ಮಗಳು ಕೋಮಲ ಕೊಳ್ಳೇಗಾಲದಲ್ಲಿ ಬಿ.ಎಡ್. ಓದುತ್ತಿದ್ದಳು. ಗುರುವಾರ ಮಧ್ಯಾಹ್ನ ಎರಡಕ್ಕೆ ಎಂಟನೇ ಕ್ಲಾಸಿನ ಮಕ್ಕಳೆದುರು ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ಮಾರ್ಕ್ಸ್ ಹಾಕುವ ಮೇಡಂ. ಮೊದಲ ಸಲ ಗಂಟಲು ಒಣಗಿ ಸುಮ್ಮನೆ ನಿಂತುಬಿಟ್ಟಿದ್ದಳು. ಇದು ಎರಡನೆಯದು, ಕೊನೆಯದು. ವಿಷಯ: ಒಂದು ಇಂಗ್ಲಿಷ್ ಪದ, ಅದರ ಹಲವು ಅರ್ಥ.

"ಯಾವ್ ಪದ ತಕಳ್ಳಪ್ಪ?" ಅಂತ ಹಿಂದಿನ ದಿನ ಸಂಜೆ ಕಾಫಿ ಕುಡಿಯುತ್ತಿದ್ದ ಅಪ್ಪನನ್ನು ಕೇಳಿದಳು.

"ನಂಗೊತ್ತಿರದು ಒಂದೇ ಕಣವ್ವ. ಲೈನು."

ಕೋಮಲ ನಕ್ಕಳು. ನಕ್ಕವಳು ಎಣಿಸತೊಡಗಿದಳು. ನೋಟ್‌ಬುಕ್ಕಿನಲ್ಲಿದ್ದರೆ ಗೆರೆ, ರೇಷನ್ ಅಂಗಡಿ ಮುಂದಿದ್ದರೆ ಸಾಲು, ಕಂಬದ ಮೇಲಿದ್ದರೆ ತಂತಿ, ಪದ್ಯದಲ್ಲಿದ್ದರೆ ಪಂಕ್ತಿ. ಕನ್ನಡ ಇವಕ್ಕೆಲ್ಲ ಬೇರೆ ಬೇರೆ ಮನೆ ಕಟ್ಟಿಕೊಟ್ಟಿದೆ. ಇಂಗ್ಲಿಷು ಅಷ್ಟನ್ನೂ ಒಂದೇ ವಠಾರಕ್ಕೆ ತುಂಬಿ ಬಾಗಿಲಿಗೆ 'ಲೈನ್' ಅಂತ ಬೋರ್ಡು ತಗುಲಿಸಿದೆ. ನಮ್ಮವರೋ, ಆ ವಠಾರಕ್ಕೂ 'ಲೈನ್ ಮನೆ' ಅಂತ ಹೆಸರಿಟ್ಟುಬಿಟ್ಟರು!

"ಬಸ್‌ಸ್ಟ್ಯಾಂಡಲ್ಲಿ ಐಕ್ಳು ಉಡ್ಗೀರ್ಗೆ ಒಡೆಯದೂ ಲೈನೇಯ," ಅಂದ ಅಪ್ಪ. "ಅದ್ನ ಮಾತ್ರ ಬರೀಬ್ಯಾಡ."

ಒಲೆ ಮುಂದಿನಿಂದ ಅವ್ವ ಚಿಕ್ಕನಿಂಗಮ್ಮ ದನಿ ಸೇರಿಸಿದಳು: "ಲೈನು ಅಂದ್ರೆ ನಿಮ್ಮಪ್ಪ ಊಟದೊತ್ನಲ್ಲಿ ಇರೋ ಜಾಗ. ಅದ್ನೂ ಬರ್ಕೊ."

ಫೋನಿನಲ್ಲೇ ಆರು ಚಿತ್ರದ ಚಾರ್ಟು ತಯಾರಾಯಿತು. ಬೆಳಿಗ್ಗೆ ದೇವರಾಜುವಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹತ್ತು ಗಂಟೆ ಬಸ್ಸು ಹಿಡಿದರೆ ಆಯಿತು.

ಬೆಳಿಗ್ಗೆ ಎಂಟೂವರೆಗೆ ಊರಾಚೆ ರಸ್ತೆ ಪಕ್ಕ, ಪುಟ್ಟಮಾದಯ್ಯನ ಹೊಲದ ಹತ್ತಿರ ತಂತಿ ಸುಟ್ಟುಹೋಯಿತು. ಮಂಟೇಸ್ವಾಮಿ ಕರೆಂಟ್ ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತಗೊಂಡ. ಎಲ್‌ಸಿ ಅಂದರೆ ಲೈನ್ ಕ್ಲಿಯರ್: ಕಂಬ ಹತ್ತುವವನ ಹೆಸರಿನಲ್ಲಿ ಕರೆಂಟು ತೆಗೆಯುತ್ತಾರೆ, ಅವನೇ ಇಳಿದು, ಅವನೇ ಬಾಯಿಬಿಟ್ಟು 'ಇಳಿದೆ' ಅನ್ನುವ ತನಕ ಮತ್ತೆ ಕೊಡುವ ಹಾಗಿಲ್ಲ.

ಒಂಬತ್ತೂವರೆಯಾದರೂ ಕರೆಂಟು ಬರಲಿಲ್ಲ. ಜೆರಾಕ್ಸ್ ಅಂಗಡಿ ಮುಂದೆ ಏಳೆಂಟು ಜನ.

"ಲೈನಲ್ಲಿ ಜನ ಅವ್ರೆ, ಲೈನಲ್ಲಿ ಕರೆಂಟಿಲ್ಲ," ಅಂದ ದೇವರಾಜು. "ನಿಮ್ಮಪ್ಪಂಗೆ ಒಂದ್ ಮಾತು ಏಳವ್ವ."

ಅಪ್ಪನ ಫೋನು ಸ್ವಿಚ್ ಆಫ್. ಊರಿಗೆಲ್ಲ ಕರೆಂಟು ಕೊಡುವವನ ಫೋನಿಗೆ ಚಾರ್ಜಿಲ್ಲ!

ಅಷ್ಟರಲ್ಲಿ ಪುಟ್ಟಮಾದಯ್ಯ ಟಿವಿಎಸ್‌ನಲ್ಲಿ ಬಂದ. "ಮಂಟೇಸ್ವಾಮಿಯಾ? ಇಳ್ದು ಬೀಡಿ ಅಚ್ಕಂಡ್ ಕುಂತವ್ನೆ. ಕಣ್ಣಾರ ನೋಡ್ದೆ."

ಕೋಮಲ ತಕ್ಷಣ ಸ್ಟೇಷನ್ನಿನ ಆಪರೇಟರ್ ನಟರಾಜುಗೆ ಫೋನ್ ಮಾಡಿದಳು. "ಮಾವ, ಅಪ್ಪ ಇಳ್ದನಂತೆ. ಲೈನ್ ಕೊಟ್ಬುಡಿ."

"ಇಳ್ದೆ ಅಂತ ಅವ್ನೇ ಏಳ್ಲಿ."

"ಫೋನ್ ಆಫಾಗದೆ. ಪುಟ್ಟಮಾದಯ್ಯ ನೋಡವ್ರೆ."

"ಎಲ್‌ಸಿ ತಕಂಡಿರೋನು ಪುಟ್ಟಮಾದಯ್ಯ ಅಲ್ಲ ಕಣವ್ವ."

"ಮಾವ, ಚಾರ್ಟ್ ಇಲ್ದಿದ್ರೆ ಫೇಲಾಯ್ತೀನಿ."

"ಅವ್ನೇ ಏಳ್ಲಿ," ಅಂತ ನಟರಾಜು ಫೋನ್ ಇಟ್ಟುಬಿಟ್ಟ.

ದೇವರಾಜು ಕಣ್ಣು ಮಿಟುಕಿಸಿದ. ಮಂಟೇಸ್ವಾಮಿಯ ಗೊಗ್ಗರು ದನಿಯನ್ನು ಅನುಕರಿಸಿ ಊರನ್ನು ನಗಿಸುವುದರಲ್ಲಿ ಅವನು ಎತ್ತಿದ ಕೈ. "ಇತ್ಲಾಗ್ ಕೊಡು ಫೋನ. 'ನಟರಾಜು, ಮಂಟೇಸ್ವಾಮಿ ಕಣ್ಲಾ, ಇಳ್ದೆ ಬುಡು' ಅಂದ್ಬುಡ್ತೀನಿ. ಎರಡ್ ನಿಮಿಸ್ದಲ್ಲಿ ನಿನ್ ಚಾರ್ಟು ಕೈಲಿರ್ತದೆ."

ಥೇಟ್ ಅಪ್ಪನದೇ ದನಿ. ಜನ ಹೋ ಅಂತ ನಕ್ಕರು. ಕೋಮಲಳ ಕೈ ಫೋನು ಚಾಚಿಯೂ ಚಾಚಿತು. ಗಡಿಯಾರ ಒಂಬತ್ತು ನಲವತ್ತು. ಹಿಂದಿನ ಬೆಂಚಿನ ಮೇಡಂ ಕಣ್ಣ ಮುಂದೆ ಬಂದರು. ಅವರ ಹಿಂದೆಯೇ, ಕಂಬದ ಮೇಲಿನ ಅಪ್ಪನೂ ಬಂದ.

"ಬ್ಯಾಡ ಕಣಣ್ಣ," ಅಂದು ಕೈ ಎಳೆದುಕೊಂಡಳು. "ಪುಟ್ಟಮಾದಯ್ಯ ಮಾವ, ಗಾಡಿ ತಿರುಗ್ಸಿ."

ಹೊಲದ ಹತ್ತಿರ ಇಳಿದಾಗ ಪುಟ್ಟಮಾದಯ್ಯ ತೋರಿಸಿದ ಕಂಬದ ಕೆಳಗೆ ಅಪ್ಪ ಇರಲಿಲ್ಲ. ಆರಿದ ಬೀಡಿ ತುಂಡೊಂದಿತ್ತು. ಅಪ್ಪ ಮುಂದಿನ ಕಂಬದ ತುದಿಯಲ್ಲಿದ್ದ, ಎರಡೂ ಕೈ ತಂತಿಯ ಮೇಲೆ.

ಪುಟ್ಟಮಾದಯ್ಯ "ಅಯ್ಯೋ ಮಾದಪ್ಪ, ಇಳ್ದಿದ್ನಲ್ಲ!" ಅಂದ. ಕೋಮಲಳ ಬಾಯಿಗೆ 'ಅಪ್ಪಾ' ಬಂದು ಅಲ್ಲೇ ನಿಂತಿತು. ಕಂಬದ ಮೇಲಿದ್ದವರನ್ನು ಕೂಗಬಾರದು ಅಂತ ಹೇಳಿದ್ದವನು ಅಪ್ಪನೇ.

ಮಂಟೇಸ್ವಾಮಿ ಇನ್ನೊಂದು ಹತ್ತು ನಿಮಿಷಕ್ಕೆ ಇಳಿದ. "ಈ ಕಂಬದಲ್ಲಿ ತಂತಿ ಇಡ್ಕಳೋ ಪಿನ್ನೂ ಸಡ್ಲಾಗಿತ್ತು ಕಣವ್ವ. ನೀ ಯಾಕ್ ಬಂದೆ? ಬಸ್ಸು?"

ಅವಳು ತನ್ನ ಫೋನು ಕೊಟ್ಟಳು. "ನಟರಾಜು, ನಾನು ಮಂಟೇಸ್ವಾಮಿ. ಇಳ್ದೆ." ಊರಿಗೆ ಕರೆಂಟು ಬಂತು. ಅದೇ ಹೊತ್ತಿಗೆ ಊರ ಕಡೆಯಿಂದ ಹತ್ತು ಗಂಟೆ ಬಸ್ಸೂ ಬಂತು. ಅಪ್ಪ ರಸ್ತೆ ಮಧ್ಯೆ ನಿಂತು ಎರಡೂ ಕೈ ಎತ್ತಿದ. ಮಗಳು ಬರಿಗೈಲಿ ಹತ್ತಿದಳು.

ಎರಡು ಗಂಟೆಗೆ ಮೇಡಂ ಕೇಳಿದರು: "ಚಾರ್ಟ್ ಎಲ್ಲಮ್ಮ?"

"ಲೈನಲ್ಲಿ ನಮ್ಮಪ್ಪ ಇದ್ರು ಮೇಡಂ."

ಸೀಮೆಸುಣ್ಣದಲ್ಲಿ ಕಪ್ಪುಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಗೆರೆ ಎಳೆದಳು. ಕೆಳಗೆ ಕಂಬ ನಿಲ್ಲಿಸಿದಳು, ತುದಿಯಲ್ಲೊಬ್ಬ ಮನುಷ್ಯನನ್ನು ಕೂರಿಸಿದಳು, ಬೆಳಗಿನ ಕತೆ ಹೇಳಿದಳು. ಗಂಟಲು ಒಣಗುವುದಕ್ಕೆ ಪುರುಸೊತ್ತೇ ಸಿಗಲಿಲ್ಲ. ಗೆರೆ, ಸಾಲು, ತಂತಿ ಎಲ್ಲವನ್ನೂ ಮಕ್ಕಳೇ ಕೂಗಿ ಹೇಳಿದವು. ಬಸ್‌ಸ್ಟ್ಯಾಂಡಿನ ಲೈನನ್ನೂ ಒಬ್ಬ ಹೇಳಿದ. ಮೇಡಂ ತಲೆ ತಗ್ಗಿಸಿಕೊಂಡು ನಕ್ಕರು.

ಸಂಜೆ ಕೋಮಲ ಮನೆ ತಲುಪುವ ಮೊದಲೇ ಜೊತೆಯಲ್ಲಿ ಓದುವ ಗೆಳತಿ ಸೌಮ್ಯ ಅವ್ವನಿಗೆ ಫೋನ್ ಮಾಡಿ ಸುದ್ದಿ ಕೊಟ್ಟಿದ್ದಳು. ಚಿಕ್ಕನಿಂಗಮ್ಮ ಪಾಯಸ ಕಾಸಿ, ಲೋಟ ಹಿಡಿದು ಗಂಡನ ಮುಂದೆ ನಿಂತಿದ್ದಳು.

"ಪಾಸಾದ್ಲಂತೆ ಕುಡೀ ಅಂದ್ರೆ ಮುಟ್ಟಾಕಿಲ್ಲ ಅಂತಾನೆ ಕಣೆ ನಿಮ್ಮಪ್ಪ," ಅಂದಳು ಒಳಗೆ ಬಂದ ಮಗಳಿಗೆ. "ಒಂದ್ ಗಂಟೆ ಒತ್ನಿಂದ ಇದೇ ರಾಗ."

ಮಂಟೇಸ್ವಾಮಿ ಮಗಳ ಮುಖವನ್ನೇ ನೋಡುತ್ತಾ ಕೂತಿದ್ದ.

"ಅವ್ಳೇ ಏಳ್ಲಿ," ಅಂದ.