ಸವಣೂರಿನ ಆಫ್ರಿಕಾಕ್ಕೆ ಒಂದು ದಿನ

ಬೆಳಿಗ್ಗೆ ಏಳಕ್ಕೆ ನಾನೂ ನಮ್ಮ ಅಕ್ಕ ಸುಧಾಳೂ ಹಾನಗಲ್ಲಿನಿಂದ ಆಫ್ರಿಕಾಕ್ಕೆ ಹೊರಟೆವು. ಬಸ್ಸಿನಲ್ಲಿ ಅಕ್ಕನಿಗೆ ಪುಕ್ಕಟೆ, ನಾಯಕನಟನಾದ ನನಗೆ ಪೂರ್ತಿ ಚಾರ್ಜು.

ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆ ಮರುದಿನವೇ ಕೊನೆ. ನನ್ನ ಸಿನಿಮಾದಲ್ಲಿ ಹಾನಗಲ್ಲಿನ ಒಬ್ಬ ಅತಿಶಾಣ್ಯಾ ಆಫ್ರಿಕಾಕ್ಕೆ ಹೋಗಿ, ಅಲ್ಲಿಯವರ ರೀತಿ ರಿವಾಜು ಕೇಳದೆ, ಮರಕ್ಕಿಟ್ಟ ನೈವೇದ್ಯ ತಿಂದು ಬೈಸಿಕೊಳ್ಳುತ್ತಾನೆ. ಉಳಿದದ್ದೆಲ್ಲ ನಮ್ಮ ಮಾಳಿಗೆಯ ಮೇಲೇ ಮುಗಿದಿತ್ತು. ಮರದ ದೃಶ್ಯವೊಂದೇ ಬಾಕಿ. ಸವಣೂರಿನಲ್ಲಿ ಆಫ್ರಿಕಾದಿಂದ ಬಂದವೆಂದು ಹೇಳುವ ಮೂರು ಮುದಿ ಮರಗಳಿವೆ. ಪಾಸ್‌ಪೋರ್ಟ್ ಖರ್ಚು ಉಳಿಯಿತು.

ಶಿಗ್ಗಾವಿಯಲ್ಲಿ ಬಸ್ ಬದಲಿಸುವಾಗ ಗಿರಮಿಟ್ ತಿಂದೆವು. ಜೊತೆಗೆ ನಾನು ನಾಲ್ಕು ಮಿರ್ಚಿ ತಿಂದೆ. ಇಲ್ಲಿ ಮೊದಲು ಹದಿನಾಲ್ಕು ಎಂದು ಬರೆದಿದ್ದೆ, ಅಕ್ಕ ಓದಿ ತಿದ್ದಿಸಿದಳು.

ಸವಣೂರು ಮುಟ್ಟಿದಾಗ ಹತ್ತೂವರೆ, ಚುರುಚುರು ಬಿಸಿಲು. ಒಂದೊಂದು ಮರದ ಬೊಡ್ಡೆಯೊಳಗೆ ನಮ್ಮ ಇಡೀ ಪಿಯುಸಿ ಕ್ಲಾಸು ಪ್ರಿನ್ಸಿಪಾಲರ ಸಮೇತ ಕೂರಬಹುದು. ಮರಗಳನ್ನು ನೋಡಿಕೊಳ್ಳುವ ಅಜ್ಜ, "ಒಂದ ತಾಸ ತೊಗೋರಿ. ಗದ್ಲಾ ಮಾಡಬ್ಯಾಡ್ರಿ," ಎಂದ.

ನೈವೇದ್ಯದ ಬಾಳೆಹಣ್ಣು ತರುವುದು, ಫೋನಿನಲ್ಲಿ ಶೂಟ್ ಮಾಡುವುದು ಎರಡೂ ಅಕ್ಕನ ಕೆಲಸ. ಮರದ ಬುಡದಲ್ಲಿ ಹಸಿರು ಖಣ, ಕಾಯಿ, ಎರಡು ಬಾಳೆಹಣ್ಣು ಆಗಲೇ ಇದ್ದವು. ಎಷ್ಟು ಚೆಂದ ಜೋಡಿಸಿದ್ದಾಳೆ ಅಂದುಕೊಂಡು, ಚಪ್ಪಲಿಗಾಲಲ್ಲೇ ಹತ್ತಿರ ಹೋಗಿ, "ಚಾಲೂ ಮಾಡು!" ಎಂದು ಕೂಗಿ ಒಂದು ಹಣ್ಣು ಸುಲಿದು ಬಾಯಿಗಿಟ್ಟೆ.

"ಏ ತಮ್ಮಾ! ನಾ ಗಿಡಕ್ಕ ತುಂಬಿದ ಉಡಿ ಅದು!" ಹಿಂದಿನಿಂದ ಒಬ್ಬ ಹೆಂಗಸು ಓಡಿಬಂದಳು. "ಮಗಳ ಬಾಣಂತನ ಸುಸೂತ್ರ ಆತಂತ ಹರಕಿ ತೀರಸಾಕತ್ತೇನಿ. ನಿಮ್ಮೂರಾಗ ದೇವರ ಮುಂದಿಂದು ಹಿಂಗ ತಿಂತೀರೇನು?"

ನಮ್ಮ ಹಣ್ಣು ಅಕ್ಕನ ಚೀಲದಲ್ಲೇ ಇದ್ದವು. ಅಜ್ಜ ಬಡಿಗೆ ಊರಿಕೊಂಡು ಬಂದ. "ಸಾಕು, ನಡೀರಿನ್ನ. ಸಿನಿಮಾ ಗಿನಿಮಾ ಬ್ಯಾಡ."

ಚಪ್ಪಲಿ ಕಳಚಿ ಕೈಮುಗಿದೆ. ನಮ್ಮ ಹಣ್ಣು ಇಟ್ಟು ಅಕ್ಕ ಆಕೆಯ ಜೊತೆ ಮತ್ತೆ ಉಡಿ ತುಂಬಿದಳು. ಆಕೆಯ ಸಿಟ್ಟು ಇಳಿಯಿತು.

"ಏನ್ ಸಿನಿಮಾನೋ ನಿಂದು?"

"ಹಾನಗಲ್ಲಿನಾಂವ ಒಬ್ಬ ಪರದೇಶಕ್ಕ ಹೋಗಿ, ಪದ್ಧತಿ ತಿಳೀದ, ಗಿಡದ ನೈವೇದ್ಯ ತಿಂತಾನ್ರಿ."

"ಅದಕ್ಕ ಪರದೇಶ ಯಾಕ ಬೇಕು? ಸವಣೂರಿಗೆ ಬಂದ್ರ ಸಾಲದೇನು?"

ಅಜ್ಜನೂ ನಕ್ಕ. ಆದರೆ ಶೂಟಿಂಗಿಗೆ ಒಪ್ಪಲಿಲ್ಲ.

ವಾಪಸ್ ಬಸ್ಸಿನಲ್ಲಿ ಸವಣೂರು ಖಾರಾ ಕೂಡ ರುಚಿಸಲಿಲ್ಲ. ಸಿನಿಮಾ ಹೋಯಿತೆಂದು ಮುಖ ಊದಿಸಿ ಕೂತಿದ್ದೆ. ಅಕ್ಕ ಫೋನ್ ಮುಂದೆ ಹಿಡಿದಳು. ನನ್ನ ಬಾಯ್ತುಂಬ ಹಣ್ಣು, ಹಿಂದೆ ಓಡಿಬರುವ ಹೆಂಗಸು, ಎಲ್ಲ ಇತ್ತು.

"ನೀನ ಅಲ್ಲೇನು ಚಾಲೂ ಮಾಡು ಅಂದಾಂವ? ಮಾಡಿದ್ದೆ. ಆಕೀನ್ನ ಕೇಳೇನಿ. 'ಹಾಕ್ರಿ, ಆದ್ರ ಊರ ಹೆಸರು ಖರೇದ ಹಾಕ್ರಿ' ಅಂದಾಳ."

ಹಾನಗಲ್ಲು ಬರುವಷ್ಟರಲ್ಲಿ, ಕಥೆಯಲ್ಲಿ ಆಫ್ರಿಕಾ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಸವಣೂರು ಎಂದು ಬರೆದೆ. ಅತಿಶಾಣ್ಯಾನ ಹೆಸರಿನ ಜಾಗ ಬಂದಾಗ ಮಾತ್ರ ಅಕ್ಕ ಪೆನ್ನು ಕಸಿದುಕೊಂಡು, ಆ ಊರ ಹೆಸರಿನಷ್ಟೇ ಖರೇ ಹೆಸರು ಬರೆದಳು: ನನ್ನದು.