ಅಪ್ಪ ಬರೆದ ನಮ್ಮ ಕೇರಿ

ಅಗಸೆ ಎಣ್ಣೆಯ ವಾಸನೆ ಬಂದರೆ ಇಂದಿಗೂ ನಿಂತಲ್ಲೇ ತಿರುಗಿ ನೋಡುತ್ತೇನೆ. ಅದು ಅಪ್ಪನ ಅಂಗಿಯ ವಾಸನೆ. ಗೋಕಾಕ, ಮೂಡಲಗಿ ಕಡೆಯ ಬಂಡಿಗಳಿಗೆ ಬಣ್ಣ ಹಚ್ಚುವುದು ಅವನ ಕೆಲಸ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೆರೆದು ತಂದು, ಬಿಡುವಿದ್ದ ಬೆಳಗು ಹೊಳೆದಂಡೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ಬಿಳಿ, ಹಳದಿ, ಕೆಂಪು, ಕಪ್ಪು, ನಾಲ್ಕೇ ಬಣ್ಣ. ನೀಲಿ ದುಬಾರಿ, ಡಬ್ಬಿಯಲ್ಲಿ ಉಳಿಯುತ್ತಲೇ ಇರಲಿಲ್ಲ. ಆಕಾಶ ಬೇಕಾದರೆ ಕಪ್ಪಿಗೆ ಬಿಳಿ ಕಲಸಿ, ಅದರ ಪಕ್ಕ ಕೆಂಪು ಮಣ್ಣಿನ ಗೋಡೆ ಬರೆಯುತ್ತಿದ್ದ. ಆ ಬೂದಿ ಬಣ್ಣ ತಾನೇ ನೀಲಿಯಾಗಿ ಕಾಣುತ್ತಿತ್ತು. ಇದನ್ನು ಅವನಿಗೆ ಯಾವ ಸಾಲೆಯೂ ಕಲಿಸಿರಲಿಲ್ಲ. ಸಾಲೆಯ ಮೆಟ್ಟಿಲನ್ನೇ ಅವನು ಹತ್ತಿರಲಿಲ್ಲ.

ಹಿಡಕಲ್‌ನಲ್ಲಿ ಅಣೆಕಟ್ಟು ಏಳತೊಡಗಿ, ಹುಕ್ಕೇರಿ ಸೀಮೆಯ ನಮ್ಮ ಊರೂ ಊರ ಹೊರಗಿನ ನಮ್ಮ ಕೇರಿಯೂ ಮುಳುಗುವುದು ಖಾತ್ರಿಯಾದಾಗ, ಅಪ್ಪನ ತಾಯಿ, ನಮ್ಮ ಆಯಿ, ಹಟ ಹಿಡಿದಳು. “ಹೊಸಾ ಮನಿ ಯಾರಿಗೆ ಬೇಕೋ ಪರಸ್ಯಾ? ಈ ಕೇರಿ ಬರದು ಕೊಡು. ನೋಡ್ಕೋಂತ ಸಾಯ್ತೀನಿ.” ಚಹಾ ಪೆಟ್ಟಿಗೆಯ ಹಲಗೆಯ ಮೇಲೆ ಅಪ್ಪ ಎಂಟು ದಿನ ಬರೆದ. ನೆರಳು ಸರಿದು ಹೋಗುತ್ತದೆಂದು ದಿನಕ್ಕೆ ಒಂದೇ ತಾಸು. ಆ ದಾರಿಯಲ್ಲಿ ಬಂದ ಡ್ರಾಯಿಂಗ್ ಮಾಸ್ತರರು ನಕ್ಕರು. “ಏನಲೇ, ಆಕಾಶಕ್ಕ ಮಸಿ ಬಳ್ಯಾಕತ್ತಿಯೇನ?” “ಒಂದೀಟು ದೂರ ನಿಂತು ನೋಡ್ರಿ, ನೀಲಿ ಕಾಣತೈತಿ,” ಎಂದ ಅಪ್ಪ. ಅವರು ಹೋದ ಮೇಲೆ ಆಯಿ, “ದೂರ ನಿಂದ್ರೂದು ಅವರಿಗೆ ನೀ ಕಲಿಸಬೇಕೇನೋ?” ಎಂದು ನಕ್ಕಳು.

ಎಣ್ಣೆಬಣ್ಣ ಬೇಗ ಆರುವುದಿಲ್ಲ. ನಮ್ಮ ಮನೆಯಲ್ಲೋ ಒಲೆಯ ಹೊಗೆ; ಹೊರಗಿಟ್ಟರೆ ಧೂಳು ಅಂಟುತ್ತದೆ. ಅಪ್ಪ ಮಾಡಿದ ತಪ್ಪು ಅದೊಂದೇ: ಮಾಸ್ತರರನ್ನು ಕೇಳಿಕೊಂಡು ಹಲಗೆಯನ್ನು ಸಾಲೆಯ ಖೋಲಿಯಲ್ಲಿ ಹದಿನೈದು ದಿನ ಆರಲು ಇಟ್ಟ. ಆ ಹದಿನೈದು ದಿನಗಳಲ್ಲೇ ಎಲ್ಲರಿಗಿಂತ ಮೊದಲು ನಮ್ಮ ಕೇರಿಯನ್ನು ಎಬ್ಬಿಸಿದರು. ಬಾಗಿಲು, ತೊಲೆ ಕಿತ್ತು ಬಂಡಿಗೆ ಹೇರಿದೆವು. ಗೋಡೆಗಳು ಕುಸಿದವು. ಚಿತ್ರ ತರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಹಲಗೆಯಲ್ಲಿ ನಮ್ಮ ಕೇರಿ ಇರಲಿಲ್ಲ. ಅದರ ಮೇಲೆ ಅಂಗಡಿಯ ಹೊಸ ನೀಲಿಯಲ್ಲಿ ಹೊಳೆ ಹರಿಯುತ್ತಿತ್ತು. ಕೆಳಗೆ ಮಾಸ್ತರರ ಸಹಿ.

“ಊರ ಹಿರಿಯರು ಇದನ್ನ ಡ್ಯಾಮಿನ ಸಾಹೇಬರಿಗೆ ಕೊಡಾವ್ರ ಅದಾರ. ಅದರಾಗ ಕೇರಿ ಯಾಕಪಾ? ನಿನ್ನ ಆಕಾಶ ಹಂಗ ಬಿಟ್ಟೇನಿ, ನೋಡು,” ಎಂದರು ಮಾಸ್ತರರು, ಉಪಕಾರ ಮಾಡಿದವರ ಹಾಗೆ.

ಅಣೆಕಟ್ಟಿನ ನೀರು ಇನ್ನೂ ಬಂದಿರಲಿಲ್ಲ. ಅದಕ್ಕೆ ಮೊದಲೇ ಇವರು ಕುಂಚದಿಂದ ನಮ್ಮನ್ನು ಮುಳುಗಿಸಿದರು. ಮರೆತುಬಿಡಿ, ಹಳೆಯ ಮಾತು ಎನ್ನುವವರಿದ್ದಾರೆ. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲನೆಯವಳು ನಾನು. ಅರೆಹೊಟ್ಟೆಯಲ್ಲಿ ಓದಿದ್ದು ಮರೆಯುವುದಕ್ಕಲ್ಲ.

ಇನ್ನೊಮ್ಮೆ ಬರಿ ಎಂದು ಅವ್ವ ಅಂಗಲಾಚಿದಳು. “ಕಣ್ಣ ಮುಂದ ಇಲ್ಲದ್ದು ನನಗ ಬರ್ಯಾಕ ಬರೂದಿಲ್ಲ,” ಎಂದ ಅಪ್ಪ, ಮತ್ತೆ ಹೊಳೆದಂಡೆಗೆ ಹೋಗಲಿಲ್ಲ. ಹೊಸ ಮನೆಯಲ್ಲಿ ಆಯಿ ಬರಿಯ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಕಡೆಗಾಲದಲ್ಲಿ ನನ್ನ ಕೈ ಹಿಡಿದು, “ನಮ್ಮ ಬಾಗಲದಾಗ ನಿಂತ್ರ ಬೇವಿನಗಿಡ ಯಾವ ಕೈಗೆ ಬರ್ತಿತ್ತವಾ?” ಎಂದು ಕೇಳಿದಳು.

“ಬಲಗೈಗೆ, ಆಯಿ,” ಎಂದೆ. ಖರೆ ಹೇಳಬೇಕೆಂದರೆ, ನನಗೂ ನೆನಪಿರಲಿಲ್ಲ.